ಪಂಪಿನ ಬಿಚ್ಚಪ್ಪ ಕಫ ತೆಗೆಯಲು ಕಲಿತದ್ದು

ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡುವ ಆ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಮದುವೆಯ ದಿನ ಅದು ಒಂದು ಸಲ ಬಳಕೆಗೆ ಬಂತು, ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ. ಎಲ್ಲರಿಗೂ ಅವನು ಬಿಚ್ಚಪ್ಪ. ಕಂಡದ್ದನ್ನೆಲ್ಲ ಬಿಚ್ಚಿ ನೋಡುವವನಾದ್ದರಿಂದ ಬಿಚ್ಚಪ್ಪ. ಚಿಕ್ಕಂದಿನಲ್ಲಿ ಅಪ್ಪನ ಗಡಿಯಾರ ಬಿಚ್ಚಿದ, ಮೀಸೆ ಬಂದ ಮೇಲೆ ಪಕ್ಕದ ಮನೆಯವರ ಹೊಲಿಗೆ ಯಂತ್ರ ಬಿಚ್ಚಿದ. ಮದುವೆಯಾದ ಹೊಸದರಲ್ಲಿ ಮಾವನ ಮನೆಗೆ ಹೋದವನು, ಅವರು ಊಟಕ್ಕೆ ಕರೆಯುವಷ್ಟರಲ್ಲಿ ಅವರ ರೇಡಿಯೋವನ್ನು ಮೇಜಿನ ತುಂಬ ಹರಡಿಕೊಂಡು ಕೂತಿದ್ದ. ಕೆಟ್ಟಿತ್ತಾ ಎಂದು ಮಾವ ಕೇಳಿದರೆ, "ಇಲ್ಲ, ಚೆನ್ನಾಗೇ ಹಾಡ್ತಿತ್ತು. ಅದಕ್ಕೇ ಒಳಗೆ ಏನಿದೆ ನೋಡೋಣ ಅನ್ನಿಸ್ತು" ಎಂದ. ಮಾವ ಮಗಳ ಮುಖ ನೋಡಿದರು. ಏನು ಮಾಡುವುದು, ಮದುವೆ ಆಗಿಹೋಗಿತ್ತು.

ಅವನ ಅಂಗಡಿ ಎಂದರೆ ಉದ್ದನೆಯ ಒಂದು ಕೋಣೆ. ಹಿಂಭಾಗದಲ್ಲಿ ಅವನ ಮೇಜು, ಸ್ಪ್ಯಾನರುಗಳು, ತಾಮ್ರದ ತಂತಿಯ ಸುರುಳಿ, ಪಂಪು ಪರೀಕ್ಷೆ ಮಾಡಲು ನೀರು ತುಂಬಿಟ್ಟ ತೊಟ್ಟಿ. ಮುಂಭಾಗದಲ್ಲಿ ಸಣ್ಣ ಕೌಂಟರು, ಕೌಂಟರಿನ ಹಿಂದೆ ಅವನ ಹೆಂಡತಿ. ಬಂದವರನ್ನು ಮೊದಲು ಮಾತಾಡಿಸುವವಳು ಅವಳೇ. ಯಾವಾಗಿಂದ ಹೀಗೆ, ಶಬ್ದ ಗುಂಯ್ ಅಂತಿದೆಯಾ ಕಟಕಟ ಅಂತಿದೆಯಾ, ನೀರು ಬಂದು ನಿಲ್ತಿದೆಯಾ ಅಥವಾ ಬರೋದೇ ಇಲ್ವಾ, ಎಲ್ಲ ವಿಚಾರಿಸಿ ಹಿಂದಕ್ಕೆ ತಿರುಗಿ ಗಂಡನಿಗೆ ಕೂಗಿ ಹೇಳುವಳು. ಬೀದಿಯ ಆ ತುದಿಗೆ ಕೇಳುವಂಥ ಗಂಟಲು ಅವಳದು. ಅವಳು ಕೂಗಿ ಮುಗಿಸುವುದರೊಳಗೆ ಬಿಚ್ಚಪ್ಪ ಪಂಪಿನ ಹೊಟ್ಟೆ ಬಗೆದಿರುತ್ತಿದ್ದ. "ಕಾಯಿಲೆ ಏನು ಅಂತ ಕೇಳಿಸ್ಕೊಂಡು ಆಮೇಲೆ ಕೈ ಹಾಕ್ರೀ" ಎಂದು ಅವಳು ಮೂವತ್ತು ವರ್ಷ ಹೇಳಿದಳು. ಅವನು ಮೂವತ್ತು ವರ್ಷ "ಹೂಂ" ಎಂದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನಬಹುದಿತ್ತು, ಆದರೆ ಕೋಣ ಹೂಂ ಅನ್ನುವುದಿಲ್ಲ.

ಹೀಗೆಂದು ಅವನನ್ನು ಕೆಟ್ಟವನು ಎಂದುಕೊಳ್ಳಬೇಡಿ. ಕೈ ಬಂಗಾರದಂಥದು. ಬಿಚ್ಚಿದ್ದನ್ನು ಜೋಡಿಸುತ್ತಿದ್ದ, ಜೋಡಿಸಿದ್ದು ಓಡುತ್ತಿತ್ತು. ಕೊನೆಯಲ್ಲಿ ಒಂದೋ ಎರಡೋ ಸ್ಕ್ರೂ ಮಿಕ್ಕಿದರೆ "ಕಂಪನಿಯವರು ಹೆಚ್ಚಿಗೆ ಹಾಕಿರ್ತಾರೆ" ಎನ್ನುತ್ತಿದ್ದ. ಹೆಂಡತಿ ಎಂದರೆ ಪ್ರಾಣ. ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಮಾತ್ರ ಇರಲಿಲ್ಲ. ಅಂಗಡಿಯಲ್ಲಿ, ಮನೆಯಲ್ಲಿ ಮಾತೆಲ್ಲ ಅವಳ ಪಾಲಿಗೇ ಬಿಟ್ಟಿದ್ದ.

ಅಂಥ ಗಂಟಲು ಒಂದು ದಿನ ನಿಂತುಹೋಯಿತು. ಮೊದಲು ಕಾಲು ಜೋಮು ಹಿಡಿದಂತಾಯಿತು. ಕೌಂಟರಿನ ಹಿಂದೆ ಕೂತು ಕೂತು ಹೀಗಾಗಿರಬೇಕು ಎಂದುಕೊಂಡರು. ಮರುದಿನ ಎದ್ದು ನಿಲ್ಲಲು ಆಗಲಿಲ್ಲ. ನರಗಳ ಕಾಯಿಲೆಯಂತೆ, ಕಾಲಿನಿಂದ ಮೇಲಕ್ಕೆ ಹತ್ತುತ್ತ ಬಂದು ಎದೆಯನ್ನೇ ಹಿಡಿಯಿತು. ಆಸ್ಪತ್ರೆಯಲ್ಲಿ ಉಸಿರಾಡಿಸುವ ಯಂತ್ರಕ್ಕೆ ಹಾಕಿದರು. ವಾರಗಳು ಕಳೆದರೂ ಯಂತ್ರ ಬಿಡಿಸಲು ಆಗದೆ, ಕತ್ತಿನ ಮುಂದೆ ಸಣ್ಣ ತೂತು ಮಾಡಿ ಉಸಿರು ಹೋಗುವ ದಾರಿಗೇ ಒಂದು ನಳಿಕೆ ಇಟ್ಟರು. ಆಮೇಲೆ ನಿಧಾನವಾಗಿ ಎದೆಗೆ ಬಲ ಬಂತು. ಯಂತ್ರ ಹೋಯಿತು, ನಳಿಕೆ ಉಳಿಯಿತು. ಗಾಳಿ ಕತ್ತಿನಿಂದಲೇ ಒಳಗೆ ಹೋಗಿ ಕತ್ತಿನಿಂದಲೇ ಹೊರಗೆ ಬರುವುದರಿಂದ ಧ್ವನಿಯ ಜಾಗಕ್ಕೆ ಗಾಳಿ ತಲುಪುತ್ತಿರಲಿಲ್ಲ. ತುಟಿ ಆಡಿಸುವಳು, ಶಬ್ದವಿಲ್ಲ. ಬೆರಳುಗಳಿಗೆ ಪೆನ್ನು ಹಿಡಿಯುವ ಶಕ್ತಿ ಇರಲಿಲ್ಲ. ಹೌದು ಎನ್ನಬೇಕಾದರೆ ಕಣ್ಣು ಮುಚ್ಚುವಳು, ಇಲ್ಲ ಎನ್ನಬೇಕಾದರೆ ತಲೆ ಆಡಿಸುವಳು. ಇದು ಶಾಶ್ವತವಲ್ಲ, ಕೆಲವು ತಿಂಗಳಲ್ಲಿ ನಳಿಕೆ ತೆಗೆಯಬಹುದು ಎಂದು ಡಾಕ್ಟರು ಧೈರ್ಯ ಹೇಳಿದ್ದರು.

ಅಲ್ಲಿಯತನಕ ಕಫದ್ದೇ ತೊಂದರೆ. ನಮಗೆ ನಿಮಗೆ ಎದೆಯಲ್ಲಿ ಏನಾದರೂ ಕಟ್ಟಿದರೆ ಒಮ್ಮೆ ಕೆಮ್ಮಿ ಮರೆತುಬಿಡುತ್ತೇವೆ. ಅವಳ ಕೆಮ್ಮಿಗೆ ಆ ಜೋರು ಇರಲಿಲ್ಲ. ಕಟ್ಟಿಕೊಂಡಾಗ ನಳಿಕೆಯೊಳಗೆ ತೆಳ್ಳಗಿನ ಪ್ಲಾಸ್ಟಿಕ್ ಪೈಪು ಇಳಿಸಿ, ಪಕ್ಕದಲ್ಲಿರುವ ಸಣ್ಣ ಯಂತ್ರದಿಂದ ಎಳೆದು ತೆಗೆಯಬೇಕು. ವಾರ್ಡಿನಲ್ಲಿ ಅದನ್ನು ನರ್ಸುಗಳು ಮಾಡುತ್ತಿದ್ದರು. ಮನೆಗೆ ಹೋದ ಮೇಲೆ ಯಾರು ಮಾಡುವುದು? ಮನೆಯಲ್ಲಿ ಇರುವವರು ಇವರಿಬ್ಬರೇ.

ಹೆಂಡತಿಯ ತಂಗಿ ಒಂದು ಹಗಲಿನ ದಾರಿಯಷ್ಟು ದೂರದ ಊರಿನಲ್ಲಿದ್ದಳು. ಅವಳ ಸೊಸೆ ನರ್ಸಿಂಗ್ ಓದಿದವಳು. ಅಕ್ಕನನ್ನು ನೋಡಲು ಬಂದ ನಾದಿನಿ ಮುಚ್ಚುಮರೆ ಇಲ್ಲದೆ ಹೇಳಿದಳು, "ಅಕ್ಕನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ ಭಾವ. ಬೇಜಾರು ಮಾಡ್ಕೋಬೇಡಿ. ನಿಮ್ಮ ಕೈಗೆ ಒಂದು ಟಾರ್ಚ್ ಕೊಟ್ರೆ ಅದು ನಾಲ್ಕು ತುಂಡಾಗಿ ವಾಪಸ್ ಬರುತ್ತೆ. ಇದು ಮನುಷ್ಯರ ಗಂಟಲು."

ಮಾತು ಒರಟು, ಆದರೆ ಸುಳ್ಳಲ್ಲ. ಬಿಚ್ಚಪ್ಪ ಹೆಂಡತಿಯ ಕಡೆ ತಿರುಗಿದ. "ನೀನೇನಂತೀಯೇ? ಅಲ್ಲಿಗೆ ಹೋಗ್ತೀಯಾ?"

ಅವಳು ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಕಣ್ಣು ಮುಚ್ಚಿದಳು.

ಬಿಚ್ಚಪ್ಪನಿಗೆ ಆದ ಸಂಕಟ ಅಷ್ಟಿಷ್ಟಲ್ಲ. ತಿಂಗಳುಗಟ್ಟಲೆ ಅವಳಿಲ್ಲದ ಮನೆ ಎಂಬುದಕ್ಕಿಂತ, ಅವಳಿಗೆ ತನ್ನ ಕೈಯ ಮೇಲೆ ನಂಬಿಕೆ ಇಲ್ಲ ಎಂಬುದೇ ಹೆಚ್ಚು ಚುಚ್ಚಿತು. ಊರಿನ ಅರ್ಧ ಪಂಪುಗಳು ಆ ಕೈಯನ್ನು ನಂಬಿ ನೀರೆತ್ತುತ್ತಿದ್ದವು. "ಬಿಡುಗಡೆ ಆಗೋಕೆ ಇನ್ನೂ ಕೆಲವು ವಾರ ಇದೆಯಲ್ಲ, ಅಷ್ಟರಲ್ಲಿ ನಾನೇ ಕಲೀತೀನಿ. ನೋಡಿ ಆಮೇಲೆ ಹೇಳು" ಎಂದ. ನಾದಿನಿ ಆಯಿತು ಎಂದಳು. ಆದರೆ ಬಿಡುಗಡೆಯ ದಿನ ತಾನು ಗಾಡಿ ತಂದೇ ತರುತ್ತೇನೆ ಎಂದೂ ಹೇಳಿ ಹೋದಳು.

ಕಲಿಸುವವರು ವಾರ್ಡಿನ ಹಿರಿಯ ಸಿಸ್ಟರ್. ಕಡಿಮೆ ಮಾತು, ಮೆತ್ತಗಿನ ಚಪ್ಪಲಿ, ಎದೆಯ ಮೇಲೆ ಪಿನ್ನು ಹಾಕಿ ತಲೆಕೆಳಗಾಗಿ ನೇತುಬಿಟ್ಟ ಸಣ್ಣ ಗಡಿಯಾರ. ಬಿಚ್ಚಪ್ಪ ಕೇಳಿದ ಮೊದಲ ಪ್ರಶ್ನೆಯೇ ಗಡಿಯಾರ ಯಾಕೆ ತಲೆಕೆಳಗೆ ಎಂಬುದು. "ನಾನು ತಲೆ ಬಗ್ಗಿಸಿ ನೋಡುವಾಗ ನೆಟ್ಟಗೆ ಕಾಣುತ್ತೆ" ಎಂದರು ಅವರು. ಎರಡನೆಯ ಪ್ರಶ್ನೆ, ಕಫ ಎಳೆಯುವ ಯಂತ್ರದೊಳಗೆ ಇರುವುದು ಪಿಸ್ಟನ್ನೋ ರಬ್ಬರ್ ಪರದೆಯೋ. ಸಿಸ್ಟರ್ ಅವನ ಅಂಗಿಯ ಜೇಬಿನಲ್ಲಿ ಇಣುಕುತ್ತಿದ್ದ ಸ್ಕ್ರೂಡ್ರೈವರನ್ನು ನೋಡಿ, "ಒಳಗೆ ಏನಿದೆ ಅಂತ ನಾನೂ ನೋಡಿಲ್ಲ ಯಜಮಾನ್ರೇ, ನೀವೂ ನೋಡಬೇಡಿ" ಎಂದು ಅದನ್ನು ಈಸಿಕೊಂಡು ತಮ್ಮ ಡ್ರಾಯರಿನಲ್ಲಿ ಇಟ್ಟರು.

ಆದರೆ ಅವನ ಪ್ರಶ್ನೆಗಳನ್ನು ಡ್ರಾಯರಿಗೆ ಹಾಕಲು ಆಗುವುದಿಲ್ಲವಲ್ಲ. ಕಫ ಎಲ್ಲಿಂದ ಬರುತ್ತದೆ? ಯಾಕೆ ಬರುತ್ತದೆ? ಕೆಳಗಿರುವುದು ಮೇಲಕ್ಕೆ ಹೇಗೆ ಬರುತ್ತದೆ, ಪಂಪಿಲ್ಲದೆ? ಈ ಕೊನೆಯ ಪ್ರಶ್ನೆಗೆ ಸಿಸ್ಟರ್ ಮೊದಲ ಸಲ ಅವನನ್ನು ಸರಿಯಾಗಿ ನೋಡಿದರು. ಉಸಿರಿನ ದಾರಿಯ ಒಳಗೋಡೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ, ಗಾಳಿಗೆ ತೂಗುವ ಹುಲ್ಲಿನ ಹಾಗೆ ಅವೆಲ್ಲ ಒಂದೇ ಕಡೆಗೆ, ಮೇಲಕ್ಕೆ ಬೀಸುತ್ತಲೇ ಇರುತ್ತವೆ, ನಾವು ಉಸಿರಿನ ಜೊತೆ ಎಳೆದುಕೊಂಡ ಧೂಳನ್ನೆಲ್ಲ ಲೋಳೆ ಹಿಡಿದುಕೊಳ್ಳುತ್ತದೆ, ರೋಮಗಳು ಅದನ್ನು ಮೇಲೆ ಸಾಗಿಸುತ್ತವೆ, ಗಂಟಲಿಗೆ ಬಂದದ್ದನ್ನು ನಮಗೆ ಗೊತ್ತಿಲ್ಲದೆ ನುಂಗಿಬಿಡುತ್ತೇವೆ ಎಂದರು.

"ನಾನೂ ನುಂಗ್ತಿದೀನಾ?"

"ಈಗಲೂ ನುಂಗ್ತಿದೀರಿ."

ಬಿಚ್ಚಪ್ಪ ಅವತ್ತು ಪೂರ್ತಿ ತಾನು ನುಂಗುವುದನ್ನೇ ಗಮನಿಸುತ್ತ ಕೂತ. ಐವತ್ತು ದಾಟಿದ ಮೇಲೂ ತನ್ನೊಳಗೆ ಇಷ್ಟು ದೊಡ್ಡ ಕಾರ್ಖಾನೆ ನಡೆಯುತ್ತಿದೆ, ತನಗೆ ಸುದ್ದಿಯೇ ಇಲ್ಲ ಎಂದು ಅವನಿಗೆ ಆಶ್ಚರ್ಯವೋ ಆಶ್ಚರ್ಯ. ಮೂಗಿನ ಕಥೆ ಕೇಳಿದ ಮೇಲಂತೂ ಮೂಗನ್ನು ಮುಟ್ಟಿ ಮುಟ್ಟಿ ನೋಡಿಕೊಂಡ. ಗಾಳಿಯನ್ನು ಬೆಚ್ಚಗೆ ಮಾಡುವುದು, ಒದ್ದೆ ಮಾಡುವುದು, ಸೋಸುವುದು, ಎಲ್ಲ ಮೂಗಿನ ಕೆಲಸವಂತೆ. ಹೆಂಡತಿಯ ಗಾಳಿ ಮೂಗನ್ನು ಬಳಸದೆ ಕತ್ತಿನಿಂದ ನೇರ ಹೋಗುವುದರಿಂದ ಒಳಗೆ ಒಣಗಿ ಕಫ ಗಟ್ಟಿಯಾಗುತ್ತದೆ, ಅದಕ್ಕೇ ನಳಿಕೆಯ ಬಾಯಿಗೆ ತೇವ ಹಿಡಿದಿಡುವ ಒಂದು ಸಣ್ಣ ತುಂಡು ಸಿಕ್ಕಿಸಿರುತ್ತಾರೆ. ಅದು ಅವಳ ಎರಡನೆಯ ಮೂಗು ಎಂದರು ಸಿಸ್ಟರ್. ಮನೆಯಲ್ಲಿ ಅವಳ ಒಂದು ಮೂಗನ್ನೇ ಅವನು ಅಷ್ಟು ಗಮನಿಸಿ ನೋಡಿರಲಿಲ್ಲ.

ಕೈಗೆ ಪೈಪು ಬಂದ ದಿನ ಎಡವಟ್ಟಾಯಿತು. ಪೈಪು ಯಂತ್ರಕ್ಕೆ ಸೇರುವ ಕಡೆ ಪಕ್ಕದಲ್ಲಿ ಒಂದು ತೂತಿರುತ್ತದೆ. ಸಿಸ್ಟರ್ ಯಂತ್ರ ಚಾಲೂ ಮಾಡಿ ಕೈ ತೊಳೆಯಲು ಹೋದರು. ಆ ತೂತಿನಿಂದ ಸುಯ್ ಎಂದು ಗಾಳಿ ಎಳೆಯುತ್ತಿತ್ತು. ಪಂಪಿನವನಿಗೆ ಎಳೆಯುವ ಪೈಪಿನಲ್ಲಿ ಗಾಳಿ ಸೋರುವುದೆಂದರೆ ಹುಟ್ಟಾ ವೈರಿ. ಕೂದಲೆಳೆಯಷ್ಟು ಸೋರಿದರೂ ಪಂಪು ನೀರೆತ್ತುವುದಿಲ್ಲ. ಸ್ಕ್ರೂಡ್ರೈವರ್ ಹೋಗಿತ್ತೇ ಹೊರತು ನಲ್ಲಿಗೆ ಸುತ್ತುವ ಬಿಳಿ ಟೇಪು ಇನ್ನೊಂದು ಜೇಬಿನಲ್ಲಿ ಭದ್ರವಾಗಿತ್ತು. ಸಿಸ್ಟರ್ ಬರುವಷ್ಟರಲ್ಲಿ ಬಿಚ್ಚಪ್ಪ ತೂತಿಗೆ ಬಿಗಿಯಾಗಿ ಟೇಪು ಸುತ್ತಿ, ಪರೀಕ್ಷೆಯಲ್ಲಿ ಪಾಸಾದವನ ಹಾಗೆ ನಿಂತಿದ್ದ. "ಲೀಕ್ ಇತ್ತು ಸಿಸ್ಟರ್, ಮುಚ್ಚಿದೀನಿ."

ಸಿಸ್ಟರ್ ಬಯ್ಯಲಿಲ್ಲ. ನಗು ತಡೆಯಲು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. ಆಮೇಲೆ ಆ ಪೈಪನ್ನು ಕಸಕ್ಕೆ ಹಾಕಿ ಹೊಸದು ತೆಗೆದರು. "ಇದು ಲೀಕಲ್ಲ, ನಿಮ್ಮ ಹೆಬ್ಬೆರಳಿನ ಜಾಗ. ತೂತು ತೆಗೆದಿದ್ರೆ ತುದೀಲಿ ಎಳೆತ ಇಲ್ಲ. ಬೆರಳಿಟ್ಟು ಮುಚ್ಚಿದ್ರೆ ಎಳೆತ ಉಂಟು. ಒಳಗೆ ಹೋಗುವಾಗ ಬೆರಳು ಇಡಬಾರದು, ವಾಪಸ್ ಬರುವಾಗ ಮಾತ್ರ ಇಡಬೇಕು."

"ಹೋಗ್ತಾನೂ ಎಳೆದ್ರೆ ಕೆಲಸ ಬೇಗ ಆಗಲ್ವಾ?"

"ನೀವು ಎಳೆಯೋದು ಕಫ ಒಂದನ್ನೇ ಅಲ್ಲ ಯಜಮಾನ್ರೇ. ಅವರ ಗಾಳೀನೂ ಎಳೀತೀರಿ."

ಇದು ಅವನ ತಲೆಗೆ ಹೊಳೆದೇ ಇರಲಿಲ್ಲ. ಪೈಪು ಒಳಗಿರುವಷ್ಟು ಹೊತ್ತೂ ಅವಳ ಉಸಿರನ್ನು ಯಂತ್ರ ಕದಿಯುತ್ತಿರುತ್ತದೆ. ಆದ್ದರಿಂದ ಒಳಗೆ ಹೆಚ್ಚು ಹೊತ್ತು ಇರಬಾರದು, ನಳಿಕೆಯ ಉದ್ದಕ್ಕಿಂತ ಆಳಕ್ಕೆ ನುಗ್ಗಬಾರದು, ಬರುವಾಗ ಬೆರಳುಗಳ ನಡುವೆ ಪೈಪನ್ನು ಮೆಲ್ಲಗೆ ತಿರುಗಿಸುತ್ತ ಒಂದೇ ಎಳೆತಕ್ಕೆ ಈಚೆ ಬರಬೇಕು. ಮತ್ತೆ ಬೇಕೆನಿಸಿದರೆ ಅವಳಿಗೆ ಸುಧಾರಿಸಿಕೊಳ್ಳಲು ಬಿಟ್ಟು, ಮುಖದ ಬಣ್ಣ ನೋಡಿ, ಆಮೇಲೆ. ಎಳೆತದ ಜೋರನ್ನು ಸಿಸ್ಟರ್ ಯಂತ್ರದ ಮುಳ್ಳಿನಲ್ಲಿ ತೋರಿಸಿದ ಗುರುತಿನಿಂದ ಮೇಲೆ ಏರಿಸುವ ಹಾಗೇ ಇಲ್ಲ. ಕೈ ತೊಳೆಯುವುದು, ಗ್ಲೌಸು, ಪೈಪಿನ ತುದಿ ಯಾವುದಕ್ಕೂ ತಾಗದಂತೆ ಹಿಡಿಯುವುದು, ಇವನ್ನೆಲ್ಲ ಅವನು ಬೇಗ ಹಿಡಿದುಕೊಂಡ. ಕಲಿಸಲೆಂದು ಇಟ್ಟಿದ್ದ ಗೊಂಬೆಯ ಕತ್ತಿನ ಮೇಲೆ ಮಾಡಿ ತೋರಿಸಿದ. ಸಿಸ್ಟರ್ ಪಕ್ಕದಲ್ಲಿ ನಿಂತು, ಹೆಂಡತಿಗೂ ಅವನ ಕೈಯಿಂದಲೇ ಮಾಡಿಸಿದರು. ಕೈ ನಡುಗಲಿಲ್ಲ. ವಾರ್ಡಿನವರೆಲ್ಲ ಶಹಬ್ಬಾಸ್ ಎಂದರು.

ಹೊಗಳಿಕೆ ಕೆಟ್ಟದ್ದು. ಅದು ತಲೆಗೇರುವುದಕ್ಕೆ ಏಣಿ ಬೇಕಾಗಿಲ್ಲ.

ಅವತ್ತು ಮಧ್ಯಾಹ್ನ ಸಿಸ್ಟರ್ ವಾರ್ಡಿನ ಆ ಕೊನೆಯಲ್ಲಿ ಇನ್ನೊಬ್ಬರ ಗಾಯ ಕಟ್ಟುತ್ತಿದ್ದರು. ಹೆಂಡತಿ ಮಲಗಿದ್ದಳು. ಎದೆ ಸದ್ದಿಲ್ಲದೆ ಏರಿಳಿಯುತ್ತಿತ್ತು. ಬಿಚ್ಚಪ್ಪ ಯಂತ್ರದ ಪಕ್ಕ ಕೂತಿದ್ದ. ಕೆಟ್ಟು ನಿಲ್ಲುವ ಮೊದಲೇ ಸರ್ವಿಸ್ ಮಾಡಬೇಕು ಎಂಬುದು ಪಂಪಿನವರ ಧರ್ಮ. ಕೆಟ್ಟ ಮೇಲೆ ಬರುವವನು ಗಿರಾಕಿ, ಕೆಡುವ ಮೊದಲೇ ಹೋಗುವವನು ಮೆಕ್ಯಾನಿಕ್. ಇಷ್ಟು ಹೊತ್ತಿಗೆ ಸ್ವಲ್ಪ ಕಟ್ಟಿರಬಹುದು, ತೆಗೆದಿಟ್ಟರೆ ಅವಳು ಇನ್ನೂ ಆರಾಮಾಗಿ ಮಲಗುತ್ತಾಳೆ ಎಂದುಕೊಂಡ. ಕೈ ತೊಳೆದ, ಗ್ಲೌಸು ಹಾಕಿದ, ಎಲ್ಲ ಹೇಳಿಕೊಟ್ಟಂತೆಯೇ ಮಾಡಿದ. ಏನೂ ಬರಲಿಲ್ಲ. ಏನೂ ಬರದಿದ್ದರೆ ಅವನಿಗೆ ಸಮಾಧಾನವಿಲ್ಲ. ಎಲ್ಲೋ ಅಂಟಿಕೊಂಡಿರಬೇಕು ಎಂದು ಮತ್ತೆ ಇಳಿಸಿದ. ಮತ್ತೆ. ಸ್ವಲ್ಪ ಆಳಕ್ಕೆ, ಸ್ವಲ್ಪ ಹೆಚ್ಚು ಹೊತ್ತು. ಕೆಲಸವಿಲ್ಲದ ಆಚಾರಿ ಮಗನ ಕುಂಡೆ ಕೆತ್ತಿದ ಎಂಬ ಗಾದೆಯನ್ನು ಹಿರಿಯರು ಇಂಥವರನ್ನು ನೋಡಿಯೇ ಮಾಡಿದ್ದು.

ಅವಳು ಎಚ್ಚರಗೊಂಡು ಕೆಮ್ಮತೊಡಗಿದಳು, ನಿಲ್ಲಲಿಲ್ಲ. ತುಟಿ ಕಪ್ಪಿಟ್ಟಿತು. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸಿದ್ದ ಯಂತ್ರ ಕೂಗಿಕೊಂಡಿತು. ಪೈಪಿನಲ್ಲಿ ಸಣ್ಣಗೆ ಕೆಂಪು ಗೆರೆ ಕಂಡಿತು. ಸಿಸ್ಟರ್ ಓಡಿಬಂದು ಅವನನ್ನು ಪಕ್ಕಕ್ಕೆ ಸರಿಸಿ, ಆಮ್ಲಜನಕ ಕೊಟ್ಟು, ಅವಳನ್ನು ಎತ್ತಿ ಕೂರಿಸಿ ಬೆನ್ನು ಸವರಿದರು. ನಿಧಾನವಾಗಿ ಬಣ್ಣ ಮರಳಿತು. ಎಲ್ಲ ಸರಿಹೋದ ಮೇಲೆ ಅವನು ಮಂಚದ ಹತ್ತಿರ ಬಂದಾಗ, ಅಷ್ಟು ದಿನ ಹಾಸಿಗೆಯ ಮೇಲೆ ಬಿದ್ದುಕೊಂಡಿದ್ದ ಬಲಗೈಯನ್ನು ಅವಳು ಕಷ್ಟಪಟ್ಟು ಎತ್ತಿದಳು. ಎತ್ತಿ, ಅವನಿಗೂ ತನ್ನ ಕತ್ತಿಗೂ ನಡುವೆ ಅಡ್ಡ ಹಿಡಿದಳು.

ಕೈಗೆ ಬಲ ಬಂದಿದೆ ಎಂದು ವಾರ್ಡಿನವರು ಖುಷಿಪಟ್ಟರು. ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ.

ಸಿಸ್ಟರ್ ಅಲ್ಲಿಗೇ ಬಂದರು, ಕೈಯಲ್ಲಿ ಒಂದು ಹೊಸ ಪೈಪು. "ಒಳಗೆ ಬನ್ನಿ" ಎಂದು ಕರೆದುಕೊಂಡು ಹೋಗಿ, ಯಂತ್ರಕ್ಕೆ ಜೋಡಿಸಿ ಅವನ ಕೈಗೆ ಕೊಟ್ಟರು. "ಬಾಯಿ ತೆಗೀರಿ. ಕೆನ್ನೆ ಒಳಗೆ ತುದಿ ಇಡಿ. ಈಗ ಬೆರಳು ಮುಚ್ಚಿ."

ಕೆನ್ನೆಯ ಒಳಚರ್ಮ ಚಕ್ಕೆಂದು ಪೈಪಿಗೆ ಕಚ್ಚಿಕೊಂಡಿತು. ಅವನು ಬೆಚ್ಚಿ ಬೆರಳು ತೆಗೆದ. ನಾಲಿಗೆ ಆಡಿಸಿ ನೋಡಿದರೆ ಅಲ್ಲೊಂದು ಸಣ್ಣ ಗುಬುಟು ಎದ್ದಿತ್ತು, ಬಾಯಿ ತುಂಬ ನೀರು ಊರಿತ್ತು.

"ಇದು ಕೆನ್ನೆ. ಒಳಗಿರೋದು ಇದಕ್ಕಿಂತ ನಾಜೂಕು" ಎಂದರು ಸಿಸ್ಟರ್. "ಕಬ್ಬಿಣದ ಪೈಪು ಎಷ್ಟು ಉಜ್ಜಿದ್ರೂ ಸುಮ್ನಿರುತ್ತೆ. ಇದು ಜೀವ ಇರೋ ಪೈಪು. ಉಜ್ಜಿದ್ರೆ ನೋಯುತ್ತೆ. ನೊಂದ್ರೆ ತನ್ನನ್ನ ಕಾಪಾಡ್ಕೊಳ್ಳೋಕೆ ಇನ್ನೂ ಹೆಚ್ಚು ಲೋಳೆ ಸುರಿಸುತ್ತೆ. ಬೇಡದೇ ಇದ್ದಾಗ ನೀವು ತೆಗೆದಷ್ಟೂ ಅದು ಮಾಡ್ತಾ ಹೋಗುತ್ತೆ. ಗಂಟೆಗೊಂದು ಸಲ ಅಂತ ಇದಕ್ಕೆ ಸರ್ವಿಸ್ ಇಲ್ಲ. ಅವರಿಗೆ ಬೇಕಾದಾಗ ಮಾತ್ರ."

"ಬೇಕು ಅಂತ ನನಗೆ ಹೇಗೆ ಗೊತ್ತಾಗುತ್ತೆ? ಅವಳಿಗೆ ಮಾತು ಬರಲ್ವಲ್ಲ."

"ಹೇಳ್ತಾರೆ. ನೀವು ಕೇಳಿಸ್ಕೋಬೇಕು" ಎಂದರು ಸಿಸ್ಟರ್. "ಇನ್ನು ನಾನು ಹೇಳೋತನಕ ಯಂತ್ರ ಮುಟ್ಟಬೇಡಿ. ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ. ಕಫ ಬಂತು ಅನ್ನಿಸಿದಾಗ ನನ್ನ ಕರೀರಿ, ಅಷ್ಟೇ."

ಸುಮ್ಮನೆ ಕೂರುವುದು! ಬಿಚ್ಚಪ್ಪನಿಗೆ ಅದಕ್ಕಿಂತ ಸಾವಿರ ಪಂಪು ಹೊರಿಸಿದ್ದರೆ ವಾಸಿಯಾಗಿತ್ತು. ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಮೊದಲ ದಿನ ಅವನ ಕಿವಿಗೆ ಎಲ್ಲವೂ ಕಫದ ಹಾಗೇ ಕೇಳಿಸಿತು. ಒಮ್ಮೆಯಂತೂ ಗುಳುಗುಳು ಶಬ್ದ ಜೋರಾಯಿತೆಂದು ಸಿಸ್ಟರನ್ನು ಊಟದಿಂದ ಎಬ್ಬಿಸಿಕೊಂಡು ಬಂದ. ಅವರು ಎದೆಗೆ ಕಿವಿಗೊಳವೆ ಇಟ್ಟು ನೋಡಿ, ಗೋಡೆಯ ಕಡೆ ಬೆರಳು ತೋರಿಸಿದರು. ಪಕ್ಕದ ಮಂಚದವರ ಆಮ್ಲಜನಕದ ಬಾಟಲಿಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ಹೆಂಡತಿ ಇದನ್ನೆಲ್ಲ ನೋಡುತ್ತಿದ್ದಳು. ಅವಳ ಹೊಟ್ಟೆ ಸ್ವಲ್ಪ ಕುಲುಕಿದ್ದನ್ನು ಅವನು ಕಂಡ. ನಗುವಿಗೂ ಒಂದು ಉಸಿರು ಬೇಕು, ಅದಕ್ಕೂ ಸದ್ದಿರಲಿಲ್ಲ.

ದಿನ ಕಳೆದ ಹಾಗೆ ಕಿವಿ ಪಳಗಿತು. ಕಲಿತ ಮೇಲೆ ಅದು ಎಂಥ ಸೋಜಿಗದ ಲೋಕ! ಬರೀ ಗಾಳಿ ಹೋಗಿಬರುವ ಶಬ್ದ ಬೇರೆ, ತೇವದ ಗಾಳಿಯದು ಬೇರೆ. ದೂರದಲ್ಲಿ ಗೊರಗೊರ ಎಂದು ಶುರುವಾಗಿ ಹತ್ತಿರ ಹತ್ತಿರ ಬರುವುದು ಒಂದು. ನಳಿಕೆಯ ಬಾಯಲ್ಲೇ ಪಟಪಟ ಎನ್ನುವುದು ಇನ್ನೊಂದು, ಅದಕ್ಕೆ ಪೈಪೇ ಬೇಡ, ಬಟ್ಟೆಯಿಂದ ಒರೆಸಿದರೆ ಸಾಕು. ಗಟ್ಟಿ ಕಫ ದಾರಿಗೆ ಅಡ್ಡ ಕೂತರೆ ಗೊರಗೊರ ನಿಂತು ತೆಳ್ಳಗೆ ಸಿಳ್ಳೆಯಂಥ ಶಬ್ದ ಬರುತ್ತದೆ. ಸದ್ದು ಕಡಿಮೆಯಾಯಿತೆಂದು ನಿಶ್ಚಿಂತೆಯಿಂದ ಇರುವ ಹಾಗಿಲ್ಲ, ಅದೇ ಅಪಾಯದ್ದು. ಅಂಗೈಯನ್ನು ಎದೆಯ ಮೇಲೆ ಮೆಲ್ಲಗೆ ಇಟ್ಟರೆ ಕಿವಿಗಿಂತ ಮೊದಲೇ ಕೈಗೆ ತಿಳಿಯುತ್ತದೆ, ಒಳಗೆ ಏನೋ ತರತರ ಅಲುಗುತ್ತದೆ. ಶಬ್ದಕ್ಕಿಂತ ಮೊದಲು ಮುಖ ಹೇಳುತ್ತದೆ. ಕಫ ಏರುವ ಮುನ್ನ ಅವಳ ಎಡಗಡೆಯ ಹುಬ್ಬು ಸ್ವಲ್ಪ ಗಂಟಿಕ್ಕುತ್ತಿತ್ತು. ಈ ಹುಬ್ಬು ಕೌಂಟರಿನ ಹಿಂದೆ ಗಿರಾಕಿಗಳನ್ನು ಎಷ್ಟು ವರ್ಷ ನಡುಗಿಸಿರಬೇಕು. ಅವನು ಈಗ ಅದನ್ನು ಮೊದಲ ಸಲ ಕಂಡವನಂತೆ ನೋಡಿದ.

ಇನ್ನೊಂದು ಸಂಗತಿಯನ್ನೂ ಅವನು ಕಂಡುಹಿಡಿದ. ಹುಬ್ಬು ಗಂಟಿಕ್ಕಿದಾಗ ಅವಳನ್ನು ನೆಟ್ಟಗೆ ಕೂರಿಸಿ ಸ್ವಲ್ಪ ಕಾದರೆ, ಎಷ್ಟೋ ಸಲ ಅವಳೇ ಕೆಮ್ಮಿ ಕಫವನ್ನು ನಳಿಕೆಯ ಬಾಯಿಗೆ ತಂದುಬಿಡುತ್ತಿದ್ದಳು. ಹೇಳಿದಾಗ ಸಿಸ್ಟರ್ ನಕ್ಕರು. "ಅದೇ ಆಗಬೇಕಾದ್ದು. ಅವರ ಕೆಮ್ಮು ಗಟ್ಟಿಯಾದಷ್ಟೂ ನಳಿಕೆ ತೆಗೆಯೋ ದಿನ ಹತ್ತಿರ ಬರುತ್ತೆ." ಅವನ ಕರೆಗಳು ಸರಿಯಾಗತೊಡಗಿದ ಮೇಲೆ ಪೈಪನ್ನು ಮತ್ತೆ ಅವನ ಕೈಗೆ ಕೊಟ್ಟರು, ತಾವು ನೋಡುತ್ತಿರುವಾಗ ಮಾತ್ರ. ಹೆಂಡತಿಯ ಕೈ ಮೊದಮೊದಲು ಕತ್ತಿನ ಮುಂದೆ ಬರುತ್ತಿತ್ತು, ಸಿಸ್ಟರ್ ಕಣ್ಣಲ್ಲೇ ಧೈರ್ಯ ಹೇಳಿದರೆ ಇಳಿಯುತ್ತಿತ್ತು. ಆಮೇಲೆ ಕೈ ಬರುವುದು ನಿಂತಿತು. ಆದರೆ ತಂಗಿಯ ಮನೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ, ಎತ್ತುವ ಧೈರ್ಯ ಇರಲಿಲ್ಲ. ಕೊನೆಯ ವಾರ ಡಾಕ್ಟರು ಹಳೆಯ ನಳಿಕೆ ತೆಗೆದು ಇನ್ನೂ ಸಣ್ಣದನ್ನು ಹಾಕಿದರು. ಅದರ ಪಕ್ಕದಿಂದ ಸ್ವಲ್ಪ ಗಾಳಿ ಮೇಲಕ್ಕೂ ಹೋಗುತ್ತದೆ, ಉಸಿರು ಬಿಡುವಾಗ ನಳಿಕೆಯ ಬಾಯಿಗೆ ಬೆರಳು ಅಡ್ಡ ಇಟ್ಟರೆ ಮಾತೂ ಬರಬಹುದು ಎಂದು ಸಿಸ್ಟರ್ ಅವಳಿಗೆ ಹೇಳಿಕೊಟ್ಟರು. ಒಮ್ಮೆ ಮಾಡಿ ನೋಡಿದಳು. ತುಕ್ಕು ಹಿಡಿದ ಬಾಗಿಲಿನಂಥ ಒಂದು ಕಿರುಗುಟ್ಟುವ ಸದ್ದು ಬಂತು. ಅವಳಿಗೆ ಅದು ಸೇರಲಿಲ್ಲ, ಬೆರಳು ತೆಗೆದು ಗೋಡೆಯ ಕಡೆ ತಿರುಗಿಕೊಂಡಳು.

ಬಿಡುಗಡೆಯ ದಿನ ನಾದಿನಿ ಹೇಳಿದಂತೆಯೇ ಗಾಡಿ ತಂದಳು. ಗಾಡಿಯಲ್ಲಿ ಹಾಸಿಗೆ, ದಿಂಬು, ಎಲ್ಲ ಸಿದ್ಧ. ಒಳಗೆ ಬಂದು ಅಕ್ಕನ ತಲೆ ಸವರುತ್ತಿದ್ದಾಗ ಎದೆಯಲ್ಲಿ ಗೊರಗೊರ ಶುರುವಾಯಿತು. ನಾದಿನಿ ಗಾಬರಿಯಾದಳು. "ಭಾವ, ಕೇಳಿಸ್ತಿಲ್ವಾ? ತೆಗೀರಿ, ಬೇಗ."

ಬಿಚ್ಚಪ್ಪ ಎದ್ದು ಹೆಂಡತಿಯನ್ನು ನೆಟ್ಟಗೆ ಕೂರಿಸಿದ. ಅಂಗೈಯನ್ನು ಎದೆಯ ಮೇಲೆ ಇಟ್ಟ. ಮುಖದ ಬಣ್ಣ ನೋಡಿದ. ಅಷ್ಟೇ, ಸುಮ್ಮನಾದ. ಸಿಸ್ಟರ್ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು.

"ನಿಂತ್ಕೊಂಡು ನೋಡ್ತಿದೀರಲ್ಲ, ಯಂತ್ರ ಇರೋದು ಯಾತಕ್ಕೆ?" ಎಂದಳು ನಾದಿನಿ.

"ಬರ್ತಾ ಇದೆ. ಇನ್ನೂ ದೂರ ಇದೆ" ಎಂದ ಬಿಚ್ಚಪ್ಪ.

ಹೆಂಡತಿ ಕೆಮ್ಮಿದಳು. ಇನ್ನೊಮ್ಮೆ ಕೆಮ್ಮಿದಳು. ಗೊರಗೊರ ಹತ್ತಿರ ಬಂತು, ಬಂದು ಅಲ್ಲೇ ನಿಂತಿತು. ತೆಳ್ಳಗಿನ ಸಿಳ್ಳೆ ಕೇಳಿಸಿತು. ನಾದಿನಿ "ಅಬ್ಬ, ಕಡಿಮೆ ಆಯ್ತು" ಎನ್ನುವಷ್ಟರಲ್ಲಿ ಬಿಚ್ಚಪ್ಪ ನೀರಿನ ನಲ್ಲಿಯ ಹತ್ತಿರ ಇದ್ದ. ಕೈ ತೊಳೆದ, ಗ್ಲೌಸು ಹಾಕಿದ, ಯಂತ್ರದ ಮುಳ್ಳು ಗುರುತಿನ ಹತ್ತಿರ ಇದೆಯೇ ನೋಡಿದ. ಸಿಸ್ಟರ್ ಬಂದು ಒಂದೆರಡು ಉಸಿರು ಆಮ್ಲಜನಕ ಕೊಟ್ಟು ಸರಿದರು. ಅವನು ಹೆಂಡತಿಯ ಮುಖಕ್ಕೆ ಮುಖ ಕೊಟ್ಟು "ಈಗ ಹಾಕ್ಲಾ?" ಎಂದು ಕೇಳಿದ. ಅವಳು ಕಣ್ಣು ಮುಚ್ಚಿದಳು. ಬೆರಳು ಇಡದೆ ಒಳಗೆ, ಬೆರಳಿಟ್ಟು ತಿರುಗಿಸುತ್ತ ಹೊರಗೆ. ಗಟ್ಟಿಯಾದ ಒಂದು ಉಂಡೆ ಪೈಪಿನಲ್ಲಿ ಸರಕ್ಕನೆ ಹೋಯಿತು. ಸಿಳ್ಳೆ ನಿಂತಿತು. ಅವಳ ಭುಜ ಸಡಿಲವಾಯಿತು.

ಎದೆಯ ತಳದಲ್ಲಿ ಇನ್ನೂ ಸಣ್ಣಗೆ ತೇವದ ಸದ್ದಿತ್ತು. ಬಿಚ್ಚಪ್ಪನ ಬಲಗೈ ತಾನಾಗಿಯೇ ಪೈಪನ್ನು ಅರ್ಧ ಎತ್ತಿತು. ಅಲ್ಲೇ ನಿಂತಿತು. ಆಮೇಲೆ ಅವನು ಯಂತ್ರ ಆರಿಸಿದ.

"ಇನ್ನೂ ಸ್ವಲ್ಪ ಇದೆಯಲ್ಲ ಭಾವ, ಅದನ್ನೂ ತೆಗೆದುಬಿಡಬಾರದಾ?"

"ಅದು ಅವಳದು. ಅವಳೇ ಕೆಮ್ಮಿ ತೆಗೀತಾಳೆ" ಎಂದು ಗ್ಲೌಸು ಕಳಚಿದ.

ಸಿಸ್ಟರ್ ಗಡಿಯಾರ ನೋಡಿಕೊಂಡು, ಕೆಳಗೆ ಗಾಡಿ ಕಾಯುತ್ತಿದೆ, ಎಲ್ಲಿಗೆ ಹೊರಡುವುದು, ತಂಗಿಯ ಮನೆಗೇನಾ ಎಂದು ಹೆಂಡತಿಯನ್ನೇ ಕೇಳಿದರು. ಬಿಚ್ಚಪ್ಪ ಯಂತ್ರದ ವೈರು ಸುತ್ತುತ್ತ ಆ ಕಡೆ ತಿರುಗಿಕೊಂಡ. ಅವಳ ಕಣ್ಣು ಮುಚ್ಚುವುದನ್ನು ನೋಡುವ ಶಕ್ತಿ ಅವನಲ್ಲಿ ಇರಲಿಲ್ಲ.

ಅವಳು ಬಲಗೈ ಎತ್ತಿದಳು. ಸಿಸ್ಟರ್ ಅದನ್ನು ಒರೆಸಿ, ಮೊಣಕೈಗೆ ಆಸರೆ ಕೊಟ್ಟರು. ನಡುಗುವ ಬೆರಳು ನಳಿಕೆಯ ಬಾಯಿಯನ್ನು ಮುಚ್ಚಿತು. ಬಂದದ್ದು ಬೀದಿಯ ತುದಿಗೆ ಕೇಳುವ ಆ ಹಳೆಯ ಗಂಟಲಲ್ಲ, ಒಡೆದ, ಒರಟಾದ, ಅರ್ಧ ಗಾಳಿಯೇ ಆದ ಒಂದು ಗಂಟಲು. ಒಂದು ಉಸಿರಿಗೆ ನಾಲ್ಕೇ ಮಾತು, ಮತ್ತೆ ಬೆರಳು ತೆಗೆದು ಉಸಿರೆಳೆದುಕೊಳ್ಳಬೇಕು.

"ಮೂವತ್ತು ವರ್ಷ ಮಾತಾಡ್ದೆ" ಎಂದಳು ತಂಗಿಗೆ. ಬೆರಳು ತೆಗೆದಳು, ಉಸಿರೆಳೆದಳು. "ಒಂದು ದಿನಾನೂ ಕೇಳಿಸ್ಕೊಳ್ಲಿಲ್ಲ ಇವರು."

ವೈರು ಸುತ್ತುತ್ತಿದ್ದ ಕೈ ನಿಂತಿತು.

"ಮಾತು ನಿಂತ್ಮೇಲೆ..." ಮತ್ತೆ ಉಸಿರು. "ಈಗ ಕೇಳಿಸ್ಕೊಳ್ತಿದಾರೆ."

ನಾದಿನಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಹೆಂಡತಿ ಇನ್ನೊಮ್ಮೆ ಬೆರಳಿಡಲು ಹೋದಳು, ಕೈ ಸೋತು ಜಾರಿತು. ಅವಳು ಬಿಡಲಿಲ್ಲ. ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಮತ್ತೆ ಎತ್ತಿದಳು. ಅಷ್ಟು ಹೊತ್ತೂ ಬಿಚ್ಚಪ್ಪ ಅವಳ ಕಡೆ ತಿರುಗಿ ನಿಂತು, ಕೈಗಳನ್ನು ಪಕ್ಕಕ್ಕೆ ಬಿಟ್ಟುಕೊಂಡು ಕಾದ.

"ಇಂಥ ಹೊತ್ತಲ್ಲಿ ಬಿಟ್ಟು ಹೋಗ್ತಾರೇನೇ" ಎಂದಳು ತಂಗಿಗೆ. ಉಸಿರೆಳೆದುಕೊಂಡು ಗಂಡನ ಕಡೆ ನೋಡಿದಳು. "ನಮ್ಮನೆಗೆ ಹೋಗೋಣ ನಡೀರಿ."